ಕೆರೆಗಳ ಲೆಕ್ಕದ ಬಾಯಾರು

ಹೋದ ತಿಂಗಳು ಬಿಜಾಪುರದಿಂದ ಒಂದು ಪತ್ರ ಬಂತು. ಬರೆದವಳನ್ನು ನಾನು ಜೀವನದಲ್ಲಿ ಮೂರು ತಿಂಗಳು ಮಾತ್ರ ಕಂಡಿದ್ದೆ, ಆಗ ಅವಳಿಗೆ ಆರು ವರ್ಷ. 'ನಮ್ಮವ್ವ ತೀರಿಕೊಂಡಳು. ಅವಳ ಟ್ರಂಕಿನಲ್ಲಿ ನಿಮ್ಮ ಪತ್ರಗಳಿದ್ದವು, ಅದಕ್ಕೆ ತಿಳಿಸುತ್ತಿದ್ದೇನೆ' ಎಂದು ನಾಲ್ಕು ಸಾಲು. ಅದನ್ನು ಓದಿದ ಮೇಲೆ ಎರಡು ದಿನ ನನಗೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ತೀರಿಕೊಂಡ ಆ ತಾಯಿಯನ್ನು ನಮ್ಮ ಕಚೇರಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅನ್ನುವ ಹಾಗೆ ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರೂ ಬಾಯಾರು ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಹಳಿಯಾಳದ ಒಂದು ಹಂಚಿನ ಮನೆಯಲ್ಲಿ ನಮ್ಮ ಕಚೇರಿ. ಹಳಿಯಾಳ ಮತ್ತು ಮುಂಡಗೋಡ ಕಡೆಯ ಸಣ್ಣ ಕೆರೆಗಳನ್ನು ಅಳೆದು, ಹಳೆಯವನ್ನು ಭದ್ರಪಡಿಸಿ, ಹೊಸವಕ್ಕೆ ನಕ್ಷೆ ಮಾಡಿಕೊಡುವುದು ನಮ್ಮ ಕೆಲಸ. ಜೋಯಿಡಾದ ಕಾಡಿನ ಊರುಗಳು ಬೇರೊಂದು ಕಚೇರಿಗೆ ಸೇರಿದ್ದವು. ನಾನು ಟ್ರೇಸರ್. ಎಂಜಿನಿಯರರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಮೇಣದ ಬಟ್ಟೆ ಹಾಸಿ ಶಾಯಿಯಿಂದ ತಿದ್ದಿ ತೆಗೆಯುವವಳು. ಬಾಯಾರು ಲೆಕ್ಕದವರು. ಕಚೇರಿಯಲ್ಲಿ ನಾವಿಬ್ಬರೇ ಹೆಂಗಸರು, ಆದ್ದರಿಂದ ನಮ್ಮ ಮೇಜುಗಳನ್ನು ಹಿಂದಿನ ಕೋಣೆಯಲ್ಲಿ ಒಟ್ಟಿಗೆ ಹಾಕಿದ್ದರು.

ಕೆರೆಗೆ ಎಲ್ಲಕ್ಕಿಂತ ಮುಖ್ಯ ಅದರ ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯುವ ದಾರಿ ಅದು. ಕೋಡಿ ಕಿರಿದಾದರೆ ನೀರು ಒಡ್ಡಿನ ಮೇಲೆ ಹತ್ತುತ್ತದೆ, ಒಡ್ಡು ಒಡೆಯುತ್ತದೆ, ಕೆಳಗಿದ್ದ ಊರು ಕೊಚ್ಚಿಹೋಗುತ್ತದೆ. ಯಾವ ಕೆರೆಗೆ ಎಷ್ಟು ಅಗಲದ ಕೋಡಿ ಬೇಕೆಂದು ತಿಳಿಯಲು ಅಲ್ಲಿಯ ಮಳೆ, ಸುತ್ತಲಿನ ನೆಲದ ಇಳಿಜಾರು, ಹಳ್ಳದ ಉದ್ದ ಎಲ್ಲವನ್ನೂ ಹಿಡಿದು ಲೆಕ್ಕ ಮಾಡಬೇಕು. ಕೈಯಲ್ಲಿ ತಿರುಗಿಸುವ ಯಂತ್ರ ಇಟ್ಟುಕೊಂಡು ಬಾಯಾರು ಒಂದೊಂದು ಕೆರೆಗೆ ಎಂಟು ದಿನ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಅವರನ್ನು ಮೂರು ತಿಂಗಳು ಬೆಂಗಳೂರಿನ ಒಂದು ಕಂಪ್ಯೂಟರ್ ಕೇಂದ್ರಕ್ಕೆ ತರಬೇತಿಗೆ ಕಳಿಸಿದರು. ಮರಳಿ ಬಂದವರೇ ಆ ಎಂಟು ದಿನದ ಲೆಕ್ಕವನ್ನೆಲ್ಲ ಒಂದು ಪ್ರೋಗ್ರಾಮಾಗಿ ಬರೆದರು. ಹಳಿಯಾಳದಲ್ಲಿ ಯಂತ್ರವೆಲ್ಲಿಂದ ಬರಬೇಕು? ಚೌಕದ ಕಾಗದದ ಮೇಲೆ ಒಂದು ಮನೆಗೆ ಒಂದು ಅಕ್ಷರದಂತೆ ಬರೆದು ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸುತ್ತಿದ್ದರು. ಅಲ್ಲಿ ಒಂದೊಂದು ಸಾಲಿಗೆ ಒಂದೊಂದು ದಪ್ಪ ಕಾರ್ಡಿನಲ್ಲಿ ತೂತು ಕೊರೆದು ಯಂತ್ರಕ್ಕೆ ಉಣಿಸುತ್ತಿದ್ದರು. ಉತ್ತರ ಬರಲು ಹತ್ತು ದಿನ. ಒಂದು ಅಲ್ಪವಿರಾಮ ತಪ್ಪಿದ್ದರೆ ಉತ್ತರವಿಲ್ಲ, ಮತ್ತೆ ಹತ್ತು ದಿನ. ಮೊದಲ ಸರಿಯಾದ ಉತ್ತರ ಬರಲು ಒಂದು ಮಳೆಗಾಲವೇ ಕಳೆಯಿತು.

ಬಾಯಾರು ಬಡಕಲು ಮೈಯವರು, ಎತ್ತರ. ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲು. ಅದು ಅಲ್ಲಿದೆ ಎನ್ನುವುದನ್ನು ಮರೆತು ಮೇಜೆಲ್ಲ ಹುಡುಕುವರು. ಮರಳಿ ಬಂದ ಕಾರ್ಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತುಗಳನ್ನು ಓದುತ್ತಿದ್ದರು, ನಾವು ಅಕ್ಕಿಯಲ್ಲಿ ಕಲ್ಲು ನೋಡುವ ಹಾಗೆ. ಮಧ್ಯಾಹ್ನ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಸುರುಳಿ ಮಾಡಿ, ನಿಂತೇ ತಿನ್ನುತ್ತಿದ್ದರು. ಕೂತು ಉಣ್ಣಬಾರದೇ ಎಂದು ಕೇಳಿದರೆ, ಕೂತರೆ ಊರು ನೆನಪಾಗುತ್ತದೆ ಎನ್ನುತ್ತಿದ್ದರು.

ಊರು ಬಿಜಾಪುರ. ಗಂಡ ಅಲ್ಲಿ ಹೈಸ್ಕೂಲು ಮಾಸ್ತರರು. ಮಗಳನ್ನು ಒಂದು ಸಲ ಇಲ್ಲಿ ತಂದಿಟ್ಟುಕೊಂಡಿದ್ದರು, ಆದರೆ ಮಗುವಿಗೆ ಮೇಲಿಂದ ಮೇಲೆ ಚಳಿಜ್ವರ ಬಂದು ಮೂರೇ ತಿಂಗಳಿಗೆ ಕಳಿಸಬೇಕಾಯಿತು. ಅಂದಿನಿಂದ ಅವಳು ಗಂಡನ ಅಕ್ಕನ ಮಡಿಲಲ್ಲಿ ಬೆಳೆದಳು. ಒಂದು ದೀಪಾವಳಿಗೆ ಊರಿಗೆ ಹೋಗಿ ಬಂದರು. ಮೂರನೆಯ ದಿನ ಕಾರ್ಡು ಜೋಡಿಸುತ್ತ, ನನ್ನ ಕಡೆ ನೋಡದೆ ಹೇಳಿದರು: "ಶಾಂತಾ, ಅಕಿ ತನ್ನ ಅತ್ತೀಗೆ ಅವ್ವಾ ಅಂತಾಳ. ನನಗ ಹಳಿಯಾಳದವ್ವಾ ಅಂತಾಳ."

ನಾನು ಅವರ ಕೈಯಿಂದ ಅರ್ಧ ಕಾರ್ಡು ತೆಗೆದುಕೊಂಡು ಜೋಡಿಸತೊಡಗಿದೆ.

ಪ್ರೋಗ್ರಾಮಿಗೆ ಉಣಿಸುವ ಮಳೆಯ ಅಂಕಿಗಳನ್ನು ಹಳ್ಳಿಗಳ ಶಾಲಾ ಮಾಸ್ತರರು ಅಳೆದು ಕಳಿಸುತ್ತಿದ್ದರು. ಬೇರೆಯವರಾಗಿದ್ದರೆ ಬಂದದ್ದನ್ನು ಬರೆದುಕೊಂಡು ಸುಮ್ಮನಿರುತ್ತಿದ್ದರು. ಬಾಯಾರು ಹಾಗಲ್ಲ. ಸನವಳ್ಳಿ ಕಡೆಯ ಒಂದು ಶಾಲೆಯ ವರದಿಯಲ್ಲಿ ವರ್ಷವಿಡೀ ರವಿವಾರ ಮಳೆಯೇ ಇರಲಿಲ್ಲ, ಸೋಮವಾರ ಮಾತ್ರ ವಿಪರೀತ ಮಳೆ. ಸಾಹೇಬರು ಮಾಸ್ತರರಿಗೆ ನೋಟೀಸು ಕೊಡಬೇಕೆಂದರು. ಬಾಯಾರು ಬೇಡವೆಂದು ನನ್ನನ್ನೂ ಕರೆದುಕೊಂಡು ಹೊರಟರು. ಮಾಸ್ತರರ ಮನೆಯಲ್ಲಿ ಚಹಾ ಕುಡಿದು, ಊರ ಸುದ್ದಿ ಎಲ್ಲ ಆದ ಮೇಲೆ ತಿಳಿದದ್ದು ಇಷ್ಟೆ: ಶನಿವಾರ ಸಂಜೆ ಅವರು ತಮ್ಮ ಊರಿಗೆ ಹೋಗುತ್ತಾರೆ, ಸೋಮವಾರ ಬೆಳಿಗ್ಗೆ ಬಂದು ಎರಡು ದಿನದ ನೀರನ್ನು ಒಂದೇ ಸಲ ಅಳೆಯುತ್ತಾರೆ. ಬಾಯಾರು ಬೈಯಲಿಲ್ಲ. ಫಾರ್ಮಿನಲ್ಲಿ 'ಎರಡು ದಿನದ್ದು' ಎಂದು ಒಂದು ಮನೆ ಹೆಚ್ಚಿಗೆ ಹಾಕಿಕೊಟ್ಟರು. ಆಮೇಲೆ ಆ ಮಾಸ್ತರರ ವರದಿಯಷ್ಟು ಪ್ರಾಮಾಣಿಕವಾದದ್ದು ಮತ್ತೊಂದು ಇರಲಿಲ್ಲ.

ಹಿಂದಿನ ವರ್ಷಗಳ ರವಿವಾರಗಳು ಬೇಕಿದ್ದವು. ಅವು ಸಿಕ್ಕಿದ್ದು ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ. ಅಲ್ಲಿ ಒಬ್ಬ ಮುದುಕರು ಗೋವಿನಜೋಳ ಬಿತ್ತಲು ಶುರು ಮಾಡಿದಾಗಿನಿಂದ ಅಂಗಳದಲ್ಲಿ ಹಾಲಿನ ಪುಡಿಯ ಡಬ್ಬಿ ಇಟ್ಟು, ಪ್ರತಿ ಬೆಳಿಗ್ಗೆ ಕಡ್ಡಿ ಅದ್ದಿ ಮಳೆ ಅಳೆದು ವಹಿಯಲ್ಲಿ ಬರೆದಿದ್ದರು. ಅಂಕಿಗಳೆಲ್ಲ ಅವರ ಲಿಪಿಯಲ್ಲಿ. ಬಾಯಾರು ಅವರ ಎದುರು ಚಾಪೆಯ ಮೇಲೆ ಕೂತು ಸೊನ್ನೆಯಿಂದ ಒಂಬತ್ತರವರೆಗೆ ಆ ಲಿಪಿ ಕಲಿತರು. ತಪ್ಪಿದಾಗ ಮುದುಕರು ನಗುತ್ತಿದ್ದರು, ಇವರೂ ನಗುತ್ತಿದ್ದರು. ಅವರು ಅಷ್ಟು ಬಾಯಿತುಂಬ ನಕ್ಕದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ನಮ್ಮಲ್ಲಿ ಅಳತೆಯ ಸರಪಳಿ ಹಿಡಿಯುವ ಬಸ್ತ್ಯಾಂವ ಎನ್ನುವವರಿದ್ದರು. ಹಳಿಯಾಳದ ಹತ್ತಿರದ ಸಿದ್ದಿಯರ ಕೇರಿಯವರು, ಐವತ್ತರ ಹತ್ತಿರದ ವಯಸ್ಸು. ಒಮ್ಮೆ ಹಳ್ಳದ ದಂಡೆಯಲ್ಲಿ ಬಾಯಾರು ಕಾಗದ ಹಿಡಿದು ಲೆಕ್ಕ ಹಾಕುತ್ತಿದ್ದಾಗ ಅವರು ಒಂದು ಮತ್ತಿ ಮರದ ಬುಡ ತೋರಿಸಿದರು. ಆಳೆತ್ತರದಲ್ಲಿ ತೊಗಟೆ ಕೆತ್ತಿಹೋಗಿತ್ತು, ಕವಲಿನಲ್ಲಿ ಒಣಗಿದ ಕಸ ಸಿಕ್ಕಿಕೊಂಡಿತ್ತು. "ನೀರ ತನ್ನ ಲೆಕ್ಕಾ ಗಿಡದ ಮ್ಯಾಲ ಬರದಿರ್ತೈತ್ರಿ ಬಾಯಾರ" ಎಂದರು. ಅಂದಿನಿಂದ ಬಾಯಾರ ಫಾರ್ಮಿನಲ್ಲಿ ಇನ್ನೊಂದು ಮನೆ ಸೇರಿತು: ಊರವರು ತೋರಿಸಿದ ನೆರೆಯ ಗುರುತು. ಯಂತ್ರದ ಉತ್ತರವನ್ನು ಅದಕ್ಕೆ ಹೋಲಿಸಿ ನೋಡದೆ ಅವರು ಸಹಿ ಮಾಡುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಬಾಯಾರು ಬಿಜಾಪುರಕ್ಕೆ ವರ್ಗ ಕೇಳಿ ಅರ್ಜಿ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಸಾಹೇಬರು ಅದರ ಮೇಲೆ 'ಇವರ ಸೇವೆ ಅನಿವಾರ್ಯ' ಎಂದು ಬರೆದು ಮೇಲಕ್ಕೆ ಕಳಿಸುತ್ತಿದ್ದರು. ಸಾಹೇಬರು ಕೆಟ್ಟವರಲ್ಲ. ಬಾಯಾರಿಗೆ ಮನೆ ಹುಡುಕಿಕೊಟ್ಟಿದ್ದರು, ಜ್ವರ ಬಂದರೆ ತಮ್ಮ ಮನೆಯಿಂದ ಗಂಜಿ ಕಳಿಸುತ್ತಿದ್ದರು. ಬಿಡುಗಡೆಯೊಂದನ್ನು ಬಿಟ್ಟು ಬೇರೆ ಏನು ಕೇಳಿದರೂ ಕೊಡುತ್ತಿದ್ದರು. ನಾಲ್ಕನೆಯ ಅರ್ಜಿಗೂ ಹಾಗೆಯೇ ಬರೆದಾಗ ಬಾಯಾರು ಅವರ ಕೋಣೆಗೆ ಹೋದರು. ಬಾಗಿಲು ತೆರೆದಿತ್ತು, ನನಗೆ ಕೇಳಿಸಿತು.

"ನಿಮ್ಮನ್ನ ಬಿಟ್ಟರ ಅದನ್ನ ನಡಸೋರು ಯಾರದಾರ ಹೇಳ್ರಿ?" ಎಂದರು ಸಾಹೇಬರು.

"ಬ್ಯಾರೇದವರು ನಡಸೂ ಹಂಗ ಮಾಡಿಕೊಟ್ಟರ ಬಿಡ್ತೀರೇನ್ರಿ?"

ಸಾಹೇಬರು ಹೇಳಿದರು: "ಅವತ್ತ ಬಿಡ್ತೇನಿ."

ಬಾಯಾರು ಆ ಮಾತು ನಂಬಿದರು. ಮುಂದಿನ ಒಂದೂವರೆ ವರ್ಷ ಪ್ರೋಗ್ರಾಮನ್ನು ಬಿಚ್ಚಿ ಮತ್ತೆ ಕಟ್ಟಿದರು. ಲೆಕ್ಕದ ವಿಧಾನ ಒಂದು ಕಡೆ, ಊರಿನ ಮಳೆ ಮತ್ತು ನೆಲದ ಅಂಕಿಗಳು ಇನ್ನೊಂದು ಕಡೆ. ವಿಧಾನವೆಲ್ಲ ಬಿಳಿ ಕಾರ್ಡು, ಊರಿನ ಅಂಕಿಗಳು ಹಳದಿ ಕಾರ್ಡು. ಬಿಳಿಯದು ಯಾವ ಊರಿಗೂ ನಡೆಯುತ್ತದೆ, ಹಳದಿಯದನ್ನು ಊರು ಬದಲಾದಂತೆ ಬದಲಿಸಬೇಕು ಎಂದು ನಮ್ಮ ಮೂವರು ಓವರಸೀಯರರಿಗೆ ಮಕ್ಕಳಿಗೆ ಕಲಿಸಿದಂತೆ ಕಲಿಸಿದರು. ಅವರು ಕೆರೆ ನೋಡುತ್ತ ನಡೆಯುವ ಕ್ರಮದಲ್ಲೇ, ಮೊದಲು ಒಡ್ಡು, ಆಮೇಲೆ ಕೋಡಿ, ಆಮೇಲೆ ಹಳ್ಳ, ಫಾರ್ಮನ್ನು ತಿರುಗಿಸಿ ಬರೆದರು. ಎಲ್ಲವನ್ನೂ ತಿಳಿಗನ್ನಡದಲ್ಲಿ ವಿವರಿಸಿ ನಲವತ್ತು ಪುಟದ ಒಂದು ಪುಸ್ತಕ ಮಾಡಿದರು. ಅದನ್ನು ಮೇಣದ ಬಟ್ಟೆಯ ಮೇಲೆ ತಿದ್ದಿ ಪ್ರತಿ ತೆಗೆದವಳು ನಾನು. ಕೊನೆಯ ಪುಟ ಮುಗಿದ ದಿನ ಬಾಯಾರು ಬಜಾರದಿಂದ ಪೇಢೆ ತರಿಸಿ ಎಲ್ಲರಿಗೂ ಹಂಚಿದರು. ಇದು ನಾನು ಬಿಜಾಪುರಕ್ಕೆ ಹೋಗುವ ಪೇಢೆ ಎಂದರು.

ಪ್ರೋಗ್ರಾಮಿನ ಹೆಸರು ಹರಡಿತು. ಮೇಲಿನವರು ಮೆಚ್ಚಿ, ಅದನ್ನು ಇನ್ನೂ ಮೂರು ಕಚೇರಿಗಳು ಬಳಸಬೇಕೆಂದು ಆದೇಶ ಮಾಡಿದರು. ಬಾಯಾರಿಗೆ ಹಿಗ್ಗು. ಆದರೆ ಆರು ತಿಂಗಳಾಗುವಷ್ಟರಲ್ಲಿ ಆ ಮೂರೂ ಕಚೇರಿಗಳಿಂದ ಪತ್ರಗಳು ಬರತೊಡಗಿದವು. ಕಾರ್ಡಿನ ತಟ್ಟೆ ಕೆಳಗೆ ಬಿದ್ದು ಕ್ರಮ ತಪ್ಪಿದೆ, ಏನು ಮಾಡಬೇಕು. ಕೊನೆಯ ಕಾರ್ಡು ಇಲಿ ಕಡಿದಿದೆ. ಉತ್ತರ ಸೊನ್ನೆ ಬರುತ್ತಿದೆ. ಬಾಯಾರು ಒಂದೊಂದಕ್ಕೂ ಉತ್ತರ ಬರೆದರು. ಆ ವರ್ಷದ ಅರ್ಜಿಯ ಮೇಲೆ ಸಾಹೇಬರು ಹೀಗೆ ಬರೆದರು: 'ಈಗ ನಾಲ್ಕು ಕಚೇರಿಗಳು ಇವರನ್ನು ಅವಲಂಬಿಸಿವೆ.' ಅದನ್ನು ಓದಿ ಬಂದ ಬಾಯಾರು ಕುರ್ಚಿಯಲ್ಲಿ ಕೂತು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಅವನ್ನೇ ನೋಡುತ್ತಿದ್ದರು.

ಆ ಬೇಸಿಗೆಯಲ್ಲೇ ಜೋಯಿಡಾದ ಕೆರೆಯ ಸಂಗತಿ ನಡೆದದ್ದು.

ಬೆಂಗಳೂರಿನ ಕೇಂದ್ರದವರು ಬೇರೆ ಕಚೇರಿಗಳ ಉತ್ತರಗಳನ್ನೂ ಒಮ್ಮೊಮ್ಮೆ ಹಳೆಯ ರೂಢಿಯಂತೆ ಬಾಯಾರ ವಿಳಾಸಕ್ಕೇ ಹಾಕುತ್ತಿದ್ದರು. ಹಾಗೆ ತಪ್ಪಿ ಬಂದ ಒಂದು ಕಟ್ಟಿನಲ್ಲಿ ಜೋಯಿಡಾದ ಕಾಡಿನ ಒಂದು ಕೆರೆಯ ಲೆಕ್ಕವಿತ್ತು. ಕೋಡಿ ಹದಿನೆಂಟು ಅಡಿ. ಬಾಯಾರು ಕಾಗದ ಬಿಡಿಸಿ ಮಳೆಯ ಅಂಕಿಗಳನ್ನು ನೋಡಿದರು. ಅವು ಅವರೇ ಸನವಳ್ಳಿಯಿಂದ, ಕಾಲೊನಿಯಿಂದ ತಂದ ಅಂಕಿಗಳು. ಮುಂಡಗೋಡದ ಬಯಲಿನ ಮಳೆಯನ್ನು ಜೋಯಿಡಾದ ಘಟ್ಟಕ್ಕೆ ಹಚ್ಚಿದ್ದರು. ಅಲ್ಲಿ ಸುರಿಯುವುದು ಅದರ ಎರಡು ಪಟ್ಟಿಗೂ ಮಿಕ್ಕಿ.

ತಪ್ಪು ಯಾರದೆಂದು ಆಮೇಲೆ ಹುಡುಕಿದಾಗ ತಿಳಿದದ್ದು ಬಹಳ ಸಣ್ಣದು. ಜೋಯಿಡಾದ ಕಚೇರಿಗೆ ಕೊಡಲು ಕಾರ್ಡುಗಳ ಪ್ರತಿ ತೆಗೆಯುವಾಗ ಯಂತ್ರದಲ್ಲಿ ಇದ್ದ ಖಾಲಿ ಕಾರ್ಡುಗಳೆಲ್ಲ ಬಿಳಿಯವು. ಹಳದಿಯವೂ ಬಿಳಿಯಾಗಿ ಹೊರಬಂದವು. ಪುಸ್ತಕವನ್ನು ಜೊತೆಗೆ ಕಳಿಸಿರಲಿಲ್ಲ, ಆ ಕಚೇರಿ ಕೇಳಿದ್ದು ಪ್ರೋಗ್ರಾಮನ್ನಷ್ಟೇ ಎಂದು ನಮ್ಮ ಟಪಾಲಿನ ಗುಮಾಸ್ತರು ಅದನ್ನು ಕಪಾಟಿನಲ್ಲಿಟ್ಟಿದ್ದರು. ಬದಲಿಸಬೇಕಾದದ್ದು ಒಳಗೆ ಇದೆ ಎನ್ನುವುದೇ ಆ ಕಚೇರಿಯವರಿಗೆ ಗೊತ್ತಿರಲಿಲ್ಲ.

ಸಾಹೇಬರು ಒಂದು ಪತ್ರ ಬರೆಯೋಣ ಎಂದರು. ಆ ಕೆರೆಯ ಕೆಲಸ ಮೂರು ತಿಂಗಳ ಹಿಂದೆಯೇ ಶುರುವಾಗಿದೆ, ಇದು ಕಡತಕ್ಕೆ ತೆಗೆಸಿದ ಎರಡನೆಯ ಪ್ರತಿ, ಮುಂಗಾರು ಹಿಡಿಯುವ ಮಿರಗದ ಮಳೆಗೆ ಹದಿನೈದೇ ದಿನವಿದೆ ಎಂದರು ಬಾಯಾರು. ಬಾಯಾರು ರಜೆಯ ಚೀಟಿ ಬರೆದಿಟ್ಟು ಮರುದಿನ ಮುಂಜಾನೆಯ ಬಸ್ಸು ಹತ್ತಿದರು. ನಾನೂ ಬಸ್ತ್ಯಾಂವರೂ ಜೊತೆಗೆ ಹೋದೆವು. ದಾಂಡೇಲಿಯಲ್ಲಿ ಬಸ್ಸು ಬದಲಿಸಿ, ಜೋಯಿಡಾದ ಆಚೆ ಇಳಿದು, ಐದು ಮೈಲು ನಡೆದೆವು. ದಾರಿಯಲ್ಲಿ ಬಾಯಾರು ಒಂದೇ ಮಾತಾಡಿದ್ದು. ತಪ್ಪು ಪ್ರೋಗ್ರಾಮಿನದು ಎಂದರೆ ಇಷ್ಟು ವರ್ಷದ ಕೆಲಸ ಮಣ್ಣಾಗಿ ಮತ್ತೆ ಮೊದಲಿಂದ ಕಟ್ಟಬೇಕಾಗುತ್ತದೆ, ಬಳಸಿದವರದು ಎಂದರೆ ಇನ್ನು ಮುಂದೆ ನೀವೇ ಕೂತು ನೋಡಿಕೊಳ್ಳಿ ಎನ್ನುತ್ತಾರೆ, ಎರಡರಲ್ಲೂ ನನಗೆ ಬಿಜಾಪುರವಿಲ್ಲ ಎಂದರು.

ಒಡ್ಡು ಮುಗಿದಿತ್ತು. ಕೋಡಿಯ ಕಲ್ಲು ಕಟ್ಟುತ್ತಿದ್ದರು. ಒಡ್ಡಿನ ಕೆಳಗೆ ಹತ್ತಿಪ್ಪತ್ತು ಕುಣಬಿ ಮನೆಗಳು, ಗದ್ದೆಗಳು. ಆ ಕಚೇರಿಯ ಓವರಸೀಯರ ಇಪ್ಪತ್ತೈದರ ತರುಣ, ಮರ್ಯಾದೆಯವನು, ನಮಗೆ ಕುರ್ಚಿ ತರಿಸಿದ. ಬಾಯಾರು ಹೇಳಿದ್ದನ್ನೆಲ್ಲ ಕೇಳಿ ತಲೆ ಅಲ್ಲಾಡಿಸಿದ.

"ಇದು ಕಂಪ್ಯೂಟರ್ ಲೆಕ್ಕಾ ಐತ್ರಿ ಬಾಯಾರ. ನಾವು ಕೈಲೆ ಮಾಡಿದ್ದಲ್ಲ."

"ಗೊತ್ತೈತಪಾ. ಅದನ್ನ ಬರದಾಕಿ ನಾನ."

ಅವನಿಗೆ ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಬಾಯಾರು ವಾದಿಸಲಿಲ್ಲ. ಊರಿನಲ್ಲಿ ಹಿರಿಯರು ಯಾರಿದ್ದಾರೆ ಎಂದು ಕೇಳಿ ಒಬ್ಬ ಮುದುಕಿಯನ್ನು ಕರೆಸಿದರು. ಆಕೆಗೆ ಕೊಂಕಣಿ ಮಾತ್ರ ಬರುತ್ತಿತ್ತು, ಬಸ್ತ್ಯಾಂವ ನಡುವೆ ನಿಂತು ಹೇಳಿದರು. ದೊಡ್ಡ ನೆರೆ ಬಂದ ವರ್ಷ ನೀರು ಎಲ್ಲಿಯ ತನಕ ಏರಿತ್ತು ಎಂದು ಕೇಳಿದಾಗ ಮುದುಕಿ ಕೋಲೂರಿಕೊಂಡು ಹಳ್ಳದ ದಂಡೆಯ ಒಂದು ಬಂಡೆಗೆ ಹೋದಳು. ತನ್ನ ತಲೆಗಿಂತ ಮೇಲೆ ಕೋಲು ಎತ್ತಿ ಒಂದು ಬಿರುಕನ್ನು ಮುಟ್ಟಿದಳು. ಆ ವರ್ಷ ತನ್ನ ಅತ್ತೆ ಎಮ್ಮೆ ಬಿಡಿಸಲು ಹೋಗಿ ಮರಳಿ ಬರಲಿಲ್ಲ ಎಂದಳು. ಬಾಯಾರು ಬಂಡೆಯ ಅಡಿಯಲ್ಲಿ ಕೂತು ಆ ಗುರುತಿನಿಂದ ನೀರಿನ ಲೆಕ್ಕ ಮಾಡಿ, ಕಾಗದವನ್ನು ಓವರಸೀಯರನ ಕೈಗೆ ಕೊಟ್ಟರು. ಅವನು ಎರಡು ಸಲ ತಾನೇ ಕೂಡಿಸಿ ನೋಡಿದ. ಕೋಡಿ ಐವತ್ತು ಅಡಿಯಾದರೂ ಬೇಕಿತ್ತು.

ತನ್ನ ಸಾಹೇಬರನ್ನು ಕೇಳದೆ ಏನೂ ಮಾಡುವ ಹಾಗಿಲ್ಲ, ಅವರು ಕಾರವಾರಕ್ಕೆ ಹೋಗಿದ್ದಾರೆ ಎಂದ. ಕೆಲಸದ ಜಾಗದಲ್ಲಿ ಮೇಲಧಿಕಾರಿಗಳು ಅಪ್ಪಣೆ ಬರೆಯುವ ಒಂದು ವಹಿ ಇರುತ್ತದೆ. ಬಾಯಾರು ಅದನ್ನು ತರಿಸಿ, ಎಡದಂಡೆಯ ದಿಬ್ಬವನ್ನು ಕಡಿದು ಎರಡನೆಯ ಕೋಡಿ ಮಾಡತಕ್ಕದ್ದು ಎಂದು ಬರೆದು ಸಹಿ ಹಾಕಿದರು. ಹಾಗೆ ಬರೆಯುವ ಅಧಿಕಾರ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಅದು ಅವರಿಗೂ ಗೊತ್ತು, ಓವರಸೀಯರನಿಗೂ ಗೊತ್ತು. ಅವನು ಆ ಸಹಿಯ ಕೆಳಗೆ ತಾನೂ ಸಹಿ ಮಾಡಿದ. ಊರವರೆಲ್ಲ ಗುದ್ದಲಿ ಹಿಡಿದು ಬಂದರು. ನಾವು ಎಂಟು ದಿನ ಅಲ್ಲಿಯೇ ಮುದುಕಿಯ ಮನೆಯಲ್ಲಿ ಉಳಿದೆವು. ದಿಬ್ಬ ಕಡಿದು ಮುಗಿದ ಮೇಲೆ ಬಾಯಾರು ಹಗ್ಗ ಹಿಡಿದು ಅಗಲ ಅಳೆದರು.

ಆ ಮಳೆಗಾಲ ಎರಡೂ ಕೋಡಿಗಳಲ್ಲಿ ನೀರು ತುಂಬಿ ಹರಿಯಿತಂತೆ. ಒಡ್ಡು ನಿಂತಿತು. ಏನೂ ಆಗಲಿಲ್ಲ. ಏನೂ ಆಗದ್ದರಿಂದ ಬಾಯಾರು ಮಾಡಿದ್ದಕ್ಕೆ ಪುರಾವೆಯೂ ಇರಲಿಲ್ಲ. ಬೇರೆ ಕಚೇರಿಯ ವಹಿಯಲ್ಲಿ ಅಧಿಕಾರವಿಲ್ಲದೆ ಬರೆದದ್ದಕ್ಕೆ ಮೆಮೊ ಬಂತು, ಒಂದು ವರ್ಷದ ವೇತನ ಬಡ್ತಿ ನಿಂತಿತು. ಅದರ ಜೊತೆಗೆ ಇನ್ನೊಂದು ಆದೇಶ: ಇನ್ನು ಮುಂದೆ ಈ ಪ್ರೋಗ್ರಾಮನ್ನು ಯಾರು ಬಳಸಿದರೂ ಬಾಯಾರ ಸಹಿ ಕಡ್ಡಾಯ. ಅವರು ದಾರಿಯಲ್ಲಿ ಹೇಳಿದಂತೆಯೇ ಆಯಿತು.

ಮೆಮೊ ಬಂದ ವಾರ ಬಾಯಾರು ಪ್ರೋಗ್ರಾಮಿಗೆ ಹನ್ನೊಂದು ಕಾರ್ಡು ಹೊಸದಾಗಿ ಸೇರಿಸಿದರು. ಊರಿನ ಹೆಸರು, ಅದರದೇ ಮಳೆ, ಊರವರು ತೋರಿಸಿದ ನೆರೆಯ ಗುರುತು, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಯಂತ್ರ ಲೆಕ್ಕ ನಿಲ್ಲಿಸುವಂತೆ ಮಾಡಿದರು. ಯಂತ್ರಕ್ಕೆ ಕನ್ನಡದ ಅಕ್ಷರ ಬಾರದು, ಆದ್ದರಿಂದ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ 'ಊರವರನ್ನು ಕೇಳಿ' ಎಂದು ಅಚ್ಚಾಗುತ್ತಿತ್ತು. ಮೊದಮೊದಲು ಓವರಸೀಯರರು ಬೈದುಕೊಂಡರು, ಹತ್ತು ದಿನ ಕಾದು ಬಂದ ಕಾಗದದಲ್ಲಿ ಅದೊಂದೇ ಸಾಲು. ಆಮೇಲೆ ಮೊದಲೇ ಊರಿಗೆ ಹೋಗಿ ಕೇಳಿಕೊಂಡು ಬರತೊಡಗಿದರು.

ಹೀಗೆ ಮತ್ತೂ ಮೂರು ವರ್ಷ. ಬಾಯಾರ ಕೂದಲು ನರೆಯಿತು. ಅರ್ಜಿ ಕೊಡುವುದನ್ನು ಮಾತ್ರ ಬಿಡಲಿಲ್ಲ, ಹಬ್ಬದ ಹಾಗೆ ವರ್ಷಕ್ಕೊಂದು. ಬರುಬರುತ್ತ ಕೆಲಸವೆಲ್ಲ ಓವರಸೀಯರರೇ ಮಾಡುತ್ತಿದ್ದರು, ಬಾಯಾರು ಕೊನೆಗೊಮ್ಮೆ ನೋಡಿ ಸಹಿ ಹಾಕುವರು. ಅದನ್ನು ನಾನೂ ಗಮನಿಸಿರಲಿಲ್ಲ.

ಸಾಹೇಬರು ನಿವೃತ್ತರಾದ ದಿನ ಮಧ್ಯಾಹ್ನ ನಮ್ಮ ಕೋಣೆಗೆ ತಾವೇ ಬಂದರು. ಹೊರಗೆ ಬೀಳ್ಕೊಡುಗೆಗೆ ಕುರ್ಚಿ ಹಾಕುತ್ತಿದ್ದರು. ಬಾಯಾರ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಬಿಜಾಪುರಕ್ಕೆ ವರ್ಗದ ಆದೇಶ. ಬಾಯಾರು ಓದಿ, ಕೆಳಗಿನ ತಾರೀಖಿನ ಮೇಲೆ ಬೆರಳಿಟ್ಟರು. ಅದು ಹದಿನಾಲ್ಕು ತಿಂಗಳ ಹಿಂದಿನದು.

"ನಿಮ್ಮನ್ನ ಬಿಟ್ಟರ ಕೆಲಸಾ ನಿಂತು ಹೊಕ್ಕೈತಿ ಅಂತ ಮೇಜಿನ ಡ್ರಾದಾಗ ಇಟ್ಕೊಂಡಿದ್ದೆ" ಎಂದರು ಸಾಹೇಬರು. "ತಪ್ಪಾತ್ರಿ. ಬ್ಯಾರೇದವರು ಬಂದು ಅದನ್ನ ನೋಡೂದಕ್ಕಿಂತ ನಾನ ಕೊಡೂದು ಚಲೋ ಅನಿಸ್ತು."

ಬಾಯಾರು ಅವರ ಮುಖವನ್ನೇ ನೋಡುತ್ತಿದ್ದರು. ಸಿಟ್ಟೂ ಕಾಣಲಿಲ್ಲ, ಅಳುವೂ ಕಾಣಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡರು. ಮೂರು ಗಂಟೆಯ ಹುಬ್ಬಳ್ಳಿ ಬಸ್ಸಿಗೆ ಹೋದರು. ಬೀಳ್ಕೊಡುಗೆಗೆ ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಾನು ಹೋಗಿದ್ದೆ. ಮನೆಯ ಕೀಲಿ ನನ್ನ ಕೈಗೆ ಕೊಟ್ಟು, ಸಾಮಾನು ಆಮೇಲೆ ಕಳಿಸೆಂದರು. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಹಾಕಿ, ಪಾಳಾ ಊರಿನ ಕೆರೆಯ ಲೆಕ್ಕ ಅರ್ಧಕ್ಕೇ ಇದೆ, ಓವರಸೀಯರರಿಗೆ ಹುಷಾರಾಗಿ ನೋಡಿಕೊಳ್ಳಲು ಹೇಳು ಎಂದರು.

ಓವರಸೀಯರರಲ್ಲಿ ಹಿರಿಯವನು ಸೋಮವಾರ ಆ ಪಾಳಾದ ಕೆರೆಯ ಕಾರ್ಡುಗಳನ್ನು ತಾನೇ ಜೋಡಿಸಿ ಕಳಿಸಿದ. ಹತ್ತನೆಯ ದಿನ ಉತ್ತರ ಬಂತು. ಒಂದು ತಪ್ಪೂ ಇರಲಿಲ್ಲ. ಊರವರು ತೋರಿಸಿದ ಗುರುತಿಗೆ ಮೊದಲ ಸಲಕ್ಕೇ ಹೊಂದಿತ್ತು. ಅವನು ಆ ಕಾಗದವನ್ನು ಹಿಡಿದು ಹಿಂದಿನ ಕೋಣೆಗೆ ಬಂದು, ಬಾಯಾರಿಗೆ ತಿಳಿಸಿರಿ, ಸಂತೋಷಪಡುತ್ತಾರೆ ಎಂದ.

ನಾನು ಅಂದೇ ಬರೆಯಲು ಕೂತೆ. ಸಾಮಾನು ಲಾರಿಗೆ ಹಾಕಿದ್ದು, ಬಸ್ತ್ಯಾಂವರ ಮಗಳ ಮದುವೆ ಗೊತ್ತಾದದ್ದು, ಎಲ್ಲ ಬರೆದೆ. ಅವರಿಲ್ಲದೆಯೂ ಕೆಲಸ ನಡೆಯಿತು ಎನ್ನುವ ಇದೊಂದನ್ನು ಬರೆಯಲು ಕೈ ಬರಲಿಲ್ಲ. ಹದಿನೈದು ದಿನಕ್ಕೆ ಅವರಿಂದ ಅಂಚೆ ಕಾರ್ಡು ಬಂತು. ಅದರಲ್ಲಿ ಒಂದೇ ಪ್ರಶ್ನೆ: ಪಾಳಾದ್ದು ಏನಾಯಿತು?

ನಾನು ಎರಡು ತಿಂಗಳು ತಡಮಾಡಿ ಉತ್ತರ ಕೊಟ್ಟೆ. ಸರಿಯಾಗಿ ಬಂತು, ಯಾರನ್ನೂ ಏನೂ ಕೇಳಬೇಕಾಗಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಬಾಯಾರು ಆಮೇಲೆ ವರ್ಷಗಟ್ಟಲೆ ನನಗೆ ಪತ್ರ ಬರೆದರು, ಮಗಳ ಓದು, ಗಂಡನ ಸಕ್ಕರೆ ಕಾಯಿಲೆ, ಬಿಜಾಪುರದ ಬಿಸಿಲು. ಕೆರೆಗಳ ಬಗ್ಗೆ ಮಾತ್ರ ಮತ್ತೊಂದು ಸಾಲು ಬರೆಯಲಿಲ್ಲ.